ಎಡಗಡೆಯ ಪುಟಗಳು

ಯಲಹಂಕ ಉಪನಗರ
8 ಜನವರಿ 2024

ಡಾ. ಆವಲಪ್ಪನವರಿಗೆ,

ನನ್ನ ಮಗಳು ಶುಭಾಳ ಸಂಶೋಧನೆಗೆ ತಾವು ಮೂರು ವರ್ಷ ಮಾರ್ಗದರ್ಶಕರಾಗಿದ್ದಿರಿ. ಕಳೆದ ಸೆಪ್ಟೆಂಬರ್ ಹನ್ನೊಂದರಂದು ಅವಳು ಡೆಂಗೆ ಜ್ವರದಿಂದ ತೀರಿಕೊಂಡಾಗ ತಾವು ಆಸ್ಪತ್ರೆಯ ಕಾರಿಡಾರಿನಲ್ಲಿ ಗೋಡೆಗೊರಗಿ ನಿಂತಿದ್ದನ್ನು ನೋಡಿದ್ದೇನೆ. ಹದಿಮೂರನೆಯ ದಿನದ ಊಟಕ್ಕೂ ಬಂದಿರಿ. ಎಲೆಯ ಮುಂದೆ ಕೂತು, ಏನನ್ನೂ ಮುಟ್ಟದೆ ಎದ್ದುಹೋದಿರಿ. ಆಮೇಲೆ ನಾಲ್ಕು ಬಾರಿ ಫೋನು ಮಾಡಿದಿರಿ. ನಾನು ಎತ್ತಲಿಲ್ಲ. ಫೋನಿನಲ್ಲಿ ಆಡಿದ ಮಾತಿಗೆ ಯಾರೂ ಹೊಣೆಗಾರರಲ್ಲ. ನನ್ನೊಡನೆ ವ್ಯವಹರಿಸಬೇಕಾದವರು ಬರೆದು ಸಹಿ ಹಾಕಬೇಕು.

ವಿಷಯಕ್ಕೆ ಬರುತ್ತೇನೆ. ಶುಭಾ ಒಂದು ಪ್ರಮೇಯವನ್ನು ಸಾಧಿಸಿದ್ದಳು. ಅದನ್ನು ತಾವು ನಾಲ್ಕು ತಿಂಗಳಿಂದ ಯಾವ ಪತ್ರಿಕೆಗೂ ಕಳಿಸದೆ ಮೇಜಿನ ಖಾನೆಯಲ್ಲಿ ಇಟ್ಟುಕೊಂಡಿದ್ದೀರಿ. ಕಾರಣವೇನು?

ಅಪ್ಪನಿಗೆ ಗಣಿತ ತಿಳಿಯದು ಎಂಬ ಭರವಸೆ ತಮಗಿದ್ದರೆ ಅದನ್ನು ಬಿಟ್ಟುಬಿಡಿ. ಕೊನೆಯಿಲ್ಲದ ಒಂದು ಬೀದಿಗಳ ಜಾಲ. ಪ್ರತಿ ಬೀದಿಗೂ ಒಂದು ಗೇಟು. ಪ್ರತಿ ಗೇಟೂ ತನ್ನ ಮನಸ್ಸಿಗೆ ಬಂದಾಗ ತೆರೆಯುತ್ತದೆ, ಮುಚ್ಚುತ್ತದೆ. ಯಾವುದೇ ಒಂದು ಕ್ಷಣವನ್ನು ಮೊದಲೇ ಹೆಸರಿಸಿ. ಆ ಕ್ಷಣದಲ್ಲಿ ಮನೆಯಿಂದ ಹೊರಟವನಿಗೆ ಅನಂತದವರೆಗೂ ದಾರಿ ತೆರೆದಿರುವ ಸಂಭವನೀಯತೆ ಸೊನ್ನೆ. ಇಷ್ಟು ಹಳೆಯ ಸಂಗತಿ. ಶುಭಾ ಸಾಧಿಸಿದ್ದು ಇದಕ್ಕಿಂತ ದೊಡ್ಡದು: ಹೆಸರಿಸಿದ ಕ್ಷಣದಲ್ಲಷ್ಟೇ ಅಲ್ಲ, ಇಡೀ ಕಾಲದಲ್ಲಿ ಅಂಥ ಕ್ಷಣ ಒಂದೂ ಇಲ್ಲ. ಮೂವತ್ತೊಂದು ವರ್ಷ ನಾನು ವಿಮಾ ಕಚೇರಿಯಲ್ಲಿ ದುಡಿದವನು. ಇಪ್ಪತ್ತೇಳು ವರ್ಷದ ಆರೋಗ್ಯವಂತ ಹೆಣ್ಣುಮಗಳು ಮುಂದಿನ ಹನ್ನೆರಡು ತಿಂಗಳಲ್ಲಿ ಸಾಯುವ ಸಂಭವನೀಯತೆ ಎಷ್ಟೆಂದು ಕೋಷ್ಟಕ ನೋಡದೆ ಹೇಳಬಲ್ಲೆ. ಆದ್ದರಿಂದ ಆ ಪದವನ್ನು ನನಗೆ ಬಿಡಿಸಿ ಹೇಳುವ ಶ್ರಮ ತಮಗೆ ಬೇಡ.

ಈ ಪತ್ರದ ಜೊತೆ ಅವಳ ಕಪ್ಪು ರಟ್ಟಿನ ನೋಟ್‌ಬುಕ್ಕಿನ ಬಲಗಡೆಯ ಎಂಬತ್ತಾರು ಪುಟಗಳ ಜೆರಾಕ್ಸ್ ಇದೆ. ಎಡಗಡೆಯ ಪುಟಗಳನ್ನು ಕಳಿಸಿಲ್ಲ. ಬಲಪುಟದಲ್ಲಿ ನಿನ್ನ ವಾದ, ಎಡಪುಟದಲ್ಲಿ ಎದುರಾಳಿ ಹೇಳಬಹುದಾದದ್ದು: ಈ ಪದ್ಧತಿಯನ್ನು ಅವಳಿಗೆ ಕಲಿಸಿದವನು ನಾನು. ಅಂತರ ಕಾಲೇಜು ಚರ್ಚಾಸ್ಪರ್ಧೆಗಳಲ್ಲಿ ಐದು ವರ್ಷ ನನ್ನನ್ನು ಯಾರೂ ಸೋಲಿಸದಿದ್ದುದು ಈ ಪದ್ಧತಿಯಿಂದ. ಎದುರಾಳಿಯ ಪುಟವನ್ನು ತೀರ್ಪುಗಾರರ ಕೈಗೆ ಕೊಡುವ ಮೂರ್ಖತನ ನಮ್ಮ ಮನೆಯಲ್ಲಿ ಇಲ್ಲ.

ಅವಳ ವರ್ಷಾಬ್ದಿಕದ ಒಳಗೆ ಪ್ರಬಂಧ ಪ್ರಕಟಣೆಗೆ ಹೋಗಬೇಕು.

ಲಿಖಿತ ಉತ್ತರವನ್ನಷ್ಟೇ ಅಂಗೀಕರಿಸುವ,
ಶೇಷಗಿರಿ


ಚಿಕ್ಕಜಾಲ
17 ಜನವರಿ 2024

ಶೇಷಗಿರಿ ಸಾರ್,

ಪುಟಗಳು ತಲುಪಿದವು. ಅವಳ ಅಕ್ಷರ ನೋಡಿ ಎರಡು ದಿನ ಲಕೋಟೆಗೆ ವಾಪಸ್ ಹಾಕಿ ಇಟ್ಟಿದ್ದೆ. ಆಮೇಲೆ ಮೂರು ಸಲ ಓದಿದೆ.

ಮೊದಲ ನಲವತ್ತು ಪುಟ ಚೊಕ್ಕವಾಗಿವೆ. ನಲವತ್ತೊಂದನೆಯದರಲ್ಲಿ ಬಿರುಕಿದೆ. ಭಾಗಲಬ್ಧ ಸಂಖ್ಯೆಗಳಿಂದ, ಅಂದರೆ ಭಿನ್ನರಾಶಿಗಳಿಂದ, ಗುರುತಿಸಬಹುದಾದ ಕ್ಷಣಗಳನ್ನು ಒಂದು, ಎರಡು, ಮೂರು ಎಂದು ಪಟ್ಟಿ ಮಾಡಬಹುದು. ಒಂದೊಂದರಲ್ಲೂ ದಾರಿ ತೆರೆದಿರುವ ಸಂಭವನೀಯತೆ ಸೊನ್ನೆ. ಪಟ್ಟಿಯಲ್ಲಿರುವ ಸೊನ್ನೆಗಳನ್ನೆಲ್ಲ ಕೂಡಿದರೂ ಸೊನ್ನೆಯೇ. ಇಲ್ಲಿಯವರೆಗೆ ಸರಿ. ಆದರೆ ಕಾಲದ ಎಲ್ಲ ಕ್ಷಣಗಳನ್ನೂ ಹಾಗೆ ಪಟ್ಟಿ ಮಾಡಲು ಆಗುವುದಿಲ್ಲ. ಪಟ್ಟಿಯೊಳಗಿನ ಕ್ಷಣಗಳಿಂದ ಪಟ್ಟಿಯ ಹೊರಗಿನ ಕ್ಷಣಗಳಿಗೆ ಶುಭಾ ಒಂದೇ ಸಾಲಿನಲ್ಲಿ ಹಾರಿದ್ದಾಳೆ. ಆ ಸಾಲು ‘ಸ್ಪಷ್ಟವಾಗಿ’ ಎಂದು ಶುರುವಾಗುತ್ತದೆ. ಅದು ಸ್ಪಷ್ಟವಲ್ಲ ಸಾರ್. ಮಿಕ್ಕ ನಲವತ್ತೈದು ಪುಟ ಆ ಸಾಲಿನ ಮೇಲೆ ನಿಂತಿವೆ.

ಇದನ್ನು ಕಳೆದ ಜುಲೈ ಮೊದಲ ವಾರದಲ್ಲೇ ಇಬ್ಬರೂ ಬೋರ್ಡಿನ ಮುಂದೆ ನಿಂತು ಮಾತಾಡಿದ್ದೆವು. ‘ನೋಡ್ತೀನಿ ಸಾರ್’ ಅಂದಿದ್ದಳು.

ಎಡಗಡೆಯ ಪುಟಗಳಲ್ಲಿ ಏನಿದೆ?

ಆವಲಪ್ಪ


ಯಲಹಂಕ ಉಪನಗರ
2 ಫೆಬ್ರವರಿ 2024

ಡಾ. ಆವಲಪ್ಪನವರೇ,

ತಮ್ಮ ಉತ್ತರದ ಗಿಡ್ಡತನಕ್ಕೂ ತಮ್ಮ ಯೋಗ್ಯತೆಗೂ ಇರುವ ಸಂಬಂಧವನ್ನು ಊಹಿಸುವ ಕೆಲಸ ನನ್ನದಲ್ಲ. ನಾನು ವಾದವನ್ನಷ್ಟೇ ಪರಿಶೀಲಿಸುತ್ತೇನೆ.

ಭಾಗಲಬ್ಧ ಸಂಖ್ಯೆಗಳು ಎಲ್ಲೆಡೆಯೂ ದಟ್ಟವಾಗಿ ಹರಡಿಕೊಂಡಿವೆ. ಇದು ಹೈಸ್ಕೂಲಿನ ಪಾಠ. ಎಷ್ಟೇ ಕಿರಿದಾದ ಸಂದನ್ನು ಹಿಡಿದರೂ ಅದರೊಳಗೆ ಅವು ಇರುತ್ತವೆ. ಹಾಗಿರುವಾಗ ಆ ಕ್ಷಣಗಳಲ್ಲೆಲ್ಲ ದಾರಿ ಮುಚ್ಚಿದ್ದರೆ, ತಮ್ಮ ಆ ನಿಗೂಢ ಕ್ಷಣ ಇನ್ನೆಲ್ಲಿ ಅಡಗಿ ಕೂತಿರುತ್ತದೆ? ಹೆಜ್ಜೆಹೆಜ್ಜೆಗೂ ಕಾವಲುಗಾರನಿರುವ ಮನೆಯೊಳಗೆ ಕಳ್ಳನಿದ್ದಾನೆ ಎಂದು ತಾವು ಹೇಳುತ್ತಿದ್ದೀರಿ. ಇರಬಹುದು ಎನ್ನುವುದು ವಾದವಲ್ಲ, ಚಾಡಿ.

ಇನ್ನೊಂದು ವಿಚಾರ. ಅವಳ ಕಾಗದಗಳ ನಡುವೆ ಕಳೆದ ಮೇ ತಿಂಗಳ ಒಂದು ಕರಡು ಪ್ರತಿ ಸಿಕ್ಕಿತು. ಶೀರ್ಷಿಕೆಯ ಕೆಳಗೆ ಎರಡು ಹೆಸರು: ಆವಲಪ್ಪ, ಶುಭಾ. ನನ್ನ ಮಗಳು ಮೂರು ವರ್ಷ ಮತ್ತಿಕೆರೆಯ ಹತ್ತಡಿ ಕೋಣೆಯಲ್ಲಿ ಕೂತು ತಲೆ ಒಡೆದುಕೊಂಡಳು. ಮೊದಲ ಹೆಸರು ತಮ್ಮದು. ಇದು ಗಣಿತದಲ್ಲಿ ಅಕ್ಷರಕ್ರಮದ ಸಂಪ್ರದಾಯ ಎಂದು ತಾವು ಹೇಳುವಿರಿ. ಎಷ್ಟು ಅನುಕೂಲವಾದ ಸಂಪ್ರದಾಯ!

ಮೂರನೆಯದು. ಕಳೆದ ಜುಲೈ ಇಪ್ಪತ್ಮೂರರ ಭಾನುವಾರ ನಮ್ಮ ಬಡಾವಣೆಯ ನಿವಾಸಿಗಳ ಸಂಘ ಅವಳಿಗೆ ಸನ್ಮಾನ ಏರ್ಪಡಿಸಿತ್ತು. ಬಹುದಿನದ ಪ್ರಶ್ನೆಯೊಂದಕ್ಕೆ ಉತ್ತರ ಕಂಡುಹಿಡಿದವಳು ಎಂದು ನಾನೇ ಪರಿಚಯಿಸಿದೆ. ಶಾಲು ಹೊದಿಸಿದರು. ಇನ್ನೂರು ಜನ ಕೂತಿದ್ದರು. ಇವಳು ಮೈಕಿನ ಮುಂದೆ ನಿಂತು ‘ಇನ್ನೂ ನೋಡಬೇಕಾದದ್ದು ಇದೆ’ ಎಂದು ಮೂರೇ ಪದ ಹೇಳಿ ಇಳಿದುಬಂದಳು. ಆ ಮೂರು ಪದಗಳು ಎಲ್ಲಿಂದ ಬಂದವೆಂದು ತಮ್ಮ ಪತ್ರ ಓದಿದ ಮೇಲೆ ತಿಳಿಯಿತು. ಹೇಡಿತನ ಜ್ವರದ ಹಾಗೆ ಒಬ್ಬರಿಂದ ಒಬ್ಬರಿಗೆ ಹರಡುತ್ತದೆ.

ತಮ್ಮ ಒಪ್ಪಿಗೆಗಾಗಿ ನಾನು ಕಾಯುತ್ತ ಕೂತಿಲ್ಲ. ಪುಟ್ಟೇನಹಳ್ಳಿ ಕೆರೆಯ ಪಕ್ಕದ ಉದ್ಯಾನದಲ್ಲಿ ಸಂಘದವರು ಅವಳ ಹೆಸರಿನಲ್ಲಿ ಓದುವ ಮಂಟಪ ಕಟ್ಟುತ್ತಿದ್ದಾರೆ. ಅದರ ಮುಂದೆ ನಿಲ್ಲಿಸಲು ಆಳೆತ್ತರದ ಕರಿಕಲ್ಲಿನ ಮೇಲೆ ಪ್ರಮೇಯವನ್ನು ಕನ್ನಡದಲ್ಲಿ ಕೆತ್ತಿಸಿದ್ದೇನೆ. ಕಡೆಯ ಸಾಲು: ‘ಅಂಥ ಕ್ಷಣ ಎಂದಿಗೂ ಇಲ್ಲ.’ ಕೆತ್ತಿದ ಮುನೇಶ್ ಎಂಬವನು ಏಳನೆಯ ತರಗತಿ ಓದಿದವನು. ಅವನಿಗೆ ಅದರಲ್ಲಿ ಬಿರುಕು ಕಾಣಿಸಲಿಲ್ಲ.

ಶೇಷಗಿರಿ


ಚಿಕ್ಕಜಾಲ
20 ಫೆಬ್ರವರಿ 2024

ಶೇಷಗಿರಿ ಸಾರ್,

ಅಕ್ಷರಕ್ರಮಕ್ಕೆ ನನ್ನಪ್ಪನನ್ನು ಬೈಯಬೇಕು, ಹೆಸರಿಟ್ಟವನು ಅವನು. ಕರಡಿನಲ್ಲಿ ನನ್ನ ಹೆಸರು ಹಾಕಿದ್ದು ಶುಭಾ. ಎರಡು ಸಲ ಹೊಡೆದುಹಾಕಿದ್ದೆ. ಎರಡು ಸಲವೂ ವಾಪಸ್ ಬರೆದಳು.

ಕಳ್ಳನ ಪ್ರಶ್ನೆ ಒಳ್ಳೆಯದು, ನಿಜವಾಗಿಯೂ ಒಳ್ಳೆಯದು. ನಾನೂ ವಿದ್ಯಾರ್ಥಿಯಾಗಿದ್ದಾಗ ಅದನ್ನೇ ಕೇಳಿದ್ದೆ. ಗೇಟುಗಳು ನೂರೋ ಸಾವಿರವೋ ಆಗಿದ್ದರೆ ನಿಮ್ಮ ಮಾತು ಪೂರ್ತಿ ಸರಿ. ದಾರಿ ಒಮ್ಮೆ ತೆರೆದರೆ ಮುಂದಿನ ಗೇಟು ಮುಚ್ಚುವವರೆಗೆ ಸ್ವಲ್ಪ ಹೊತ್ತಾದರೂ ತೆರೆದಿರುತ್ತದೆ. ಆ ಸ್ವಲ್ಪ ಹೊತ್ತಿನಲ್ಲಿ ನಿಮ್ಮ ಕಾವಲುಗಾರ ಹಿಡಿದೇ ಹಿಡಿಯುತ್ತಾನೆ. ಇಲ್ಲಿ ಗೇಟುಗಳು ಅನಂತ. ಎಷ್ಟೇ ಚಿಕ್ಕ ಸಂದಿನಲ್ಲೂ ಎಣಿಸಲಾರದಷ್ಟು ಗೇಟುಗಳು ಬಡಿದುಕೊಳ್ಳುತ್ತವೆ. ದಾರಿ ಒಂದು ಕ್ಷಣ ತೆರೆದು, ಆ ಕ್ಷಣದ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ ಅನ್ನುವ ಹಾಗೆ ಮುಚ್ಚಿಹೋಗಬಹುದು. ಕಾವಲುಗಾರರು ಎಷ್ಟೇ ದಟ್ಟವಾಗಿ ನಿಂತಿದ್ದರೂ ಯಾರ ಕಣ್ಣಿಗೂ ಬೀಳುವುದಿಲ್ಲ.

ನಮ್ಮ ಬೀದಿಗೆ ನೀರು ಬಿಡುವುದಕ್ಕೆ ಹೊತ್ತುಗೊತ್ತಿಲ್ಲ. ಒಂದು ದಿನ ನಮ್ಮಮ್ಮನನ್ನು ‘ನೀರು ಬಂತಾ’ ಅಂತ ಕೇಳಿದೆ.

‘ನಾನ್ ನೋಡ್ದಾಗೆಲ್ಲ ಬಂದಿಲ್ಲ ಕಣ್ಲಾ’ ಅಂದಳು.

‘ಹಂಗಾದ್ರೆ ಬಂದೇ ಇಲ್ಲ ಅನ್ನು.’

‘ಅದೆಂಗ್ ಏಳೀಯೆ? ತೊಟ್ಟಿ ಒದ್ದೆ ಆಗೈತೆ, ನೋಡೋಗು. ಓದ್ದೋನಂತೆ ಓದ್ದೋನು!’

ನಾನು ಶುಭಾಳಿಗೆ ಜುಲೈನಲ್ಲಿ ಹೇಳಿದ್ದು ಇದನ್ನೇ. ನೋಡಿದಾಗೆಲ್ಲ ಇಲ್ಲ ಎಂಬುದನ್ನು ಸಾಧಿಸಿದ್ದೀಯ, ತೊಟ್ಟಿ ಒಣಗಿದೆ ಎಂಬುದನ್ನಲ್ಲ. ಅವಳು ತುಂಬಾ ಹೊತ್ತು ನಕ್ಕಳು.

ಅವಳ ಹೆಸರಿನಲ್ಲಿ ತಪ್ಪನ್ನು ಅಚ್ಚು ಹಾಕಿಸಲು ನನ್ನಿಂದ ಆಗದು. ಬದುಕಿದ್ದರೆ ತಿದ್ದಿಕೊಳ್ಳುತ್ತಿದ್ದಳು. ಈಗ ಅದು ಹಾಗೇ ಉಳಿದುಬಿಡುತ್ತದೆ. ದಯವಿಟ್ಟು ಎಡಗಡೆಯ ಪುಟಗಳನ್ನು ಕಳಿಸಿ. ಆಗಸ್ಟಿನಲ್ಲಿ ಅವಳು ವಿಭಾಗಕ್ಕೆ ಬಂದದ್ದು ಎರಡೇ ಸಲ. ಏನೋ ಬರೆಯುತ್ತಿದ್ದಳು ಎನ್ನುವುದಷ್ಟೇ ನನಗೆ ಗೊತ್ತು.

ಆವಲಪ್ಪ


ಯಲಹಂಕ ಉಪನಗರ
9 ಮಾರ್ಚ್ 2024

ಡಾ. ಆವಲಪ್ಪನವರೇ,

ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರು ತಮ್ಮ ತಾಯಿಯ ನೀರಿನ ತೊಟ್ಟಿಯನ್ನು ಪ್ರಮಾಣವಾಗಿ ಮಂಡಿಸುವ ಕಾಲಕ್ಕೆ ನಾವು ಬಂದು ತಲುಪಿದ್ದೇವೆ. ನಾನು ಸ್ಪರ್ಧೆಗಿಳಿಯುತ್ತಿದ್ದ ದಿನಗಳಲ್ಲಿ ಉಪಮಾನದ ಬಲದಿಂದ ಗೆಲ್ಲಲು ಹೊರಟವನಿಗೆ ಸಭಿಕರು ಕಾಲಿನಿಂದ ನೆಲ ಬಡಿದು ಮರ್ಯಾದೆ ಮಾಡುತ್ತಿದ್ದರು.

ಎಡಗಡೆಯ ಪುಟಗಳನ್ನು ಕೊಡುವುದಿಲ್ಲ. ಒಂದೆರಡನ್ನು ತಿರುವಿ ನೋಡಿದ್ದೇನೆ. ಬಲಗಡೆಯ ಗಣಿತ ಇಂಗ್ಲಿಷಿನಲ್ಲಿದೆ. ಎಡಗಡೆಯಲ್ಲಿ ಮಾತ್ರ ಕನ್ನಡ ಬೆರೆತಿದೆ, ಎದುರಾಳಿಯ ಮಾತನ್ನು ಕನ್ನಡದಲ್ಲಿ ಬರೆಯಲು ನಾನೇ ಅಭ್ಯಾಸ ಮಾಡಿಸಿದ್ದೆ. ಅಲ್ಲಿ ಇರುವುದು ತಮ್ಮ ಆಕ್ಷೇಪಣೆಗಳು. ತಮ್ಮ ಆಯುಧವನ್ನು ನಾನೇ ತಮ್ಮ ಕೈಗೆ ಕೊಡಬೇಕೆಂದು ಕೇಳುತ್ತಿದ್ದೀರಿ. ಈ ಧೈರ್ಯವನ್ನು ಅವಳ ಪರವಾಗಿ ತೋರಿಸಿದ್ದರೆ ಇಷ್ಟು ಪತ್ರಗಳ ಅಗತ್ಯ ಬೀಳುತ್ತಿರಲಿಲ್ಲ.

ಜೂನ್ ಮೂವತ್ತರ ಒಳಗೆ ತಾವು ಪ್ರಬಂಧವನ್ನು ಕಳಿಸದಿದ್ದರೆ, ಒಬ್ಬ ಮೃತ ವಿದ್ಯಾರ್ಥಿನಿಯ ಕೆಲಸವನ್ನು ಉದ್ದೇಶಪೂರ್ವಕವಾಗಿ ಅದುಮಿಟ್ಟಿದ್ದೀರಿ ಎಂದು ಕುಲಪತಿಗಳಿಗೆ ದೂರು ಕೊಡುತ್ತೇನೆ. ಬಲಗಡೆಯ ಪುಟಗಳನ್ನು ಅವಳೊಬ್ಬಳ ಹೆಸರಿನಲ್ಲಿ ನಾನೇ ಅಚ್ಚು ಹಾಕಿಸಿ ಹಂಚುತ್ತೇನೆ. ಕಲ್ಲಂತೂ ಆಗಲೇ ಸಿದ್ಧವಿದೆ.

ಶೇಷಗಿರಿ


ಮತ್ತಿಕೆರೆ
28 ಏಪ್ರಿಲ್ 2024

ಶೇಷಗಿರಿ ಅಂಕಲ್‌ಗೆ ಫಾಯಿಜಾ ನಮಸ್ಕಾರಗಳು.

ನಾನು ಶುಭಾ ರೂಮ್‌ಮೇಟ್. ಆಸ್ಪತ್ರೆಯಲ್ಲಿ ನೀವು ನನ್ನನ್ನು ಒಂದೇ ಒಂದು ಪ್ರಶ್ನೆ ಕೇಳಿದ್ರಿ, ‘ನಾಲ್ಕು ದಿನ ಜ್ವರ ಇದ್ದರೂ ಮನೆಗೆ ಯಾಕೆ ತಿಳಿಸಲಿಲ್ಲ?’ ಅಂತ. ನಾನು ತಲೆ ತಗ್ಗಿಸಿಕೊಂಡು ನಿಂತಿದ್ದೆ. ನನ್ನದೇ ತಪ್ಪು ಅಂತ ನೀವು ಅಂದುಕೊಂಡ್ರಿ. ಅವತ್ತು ಹಾಗಲ್ಲ ಅನ್ನೋ ಧೈರ್ಯ ಇರಲಿಲ್ಲ. ಈಗ ರೂಮ್ ಖಾಲಿ ಮಾಡ್ತಿದ್ದೀನಿ. ಆವಲಪ್ಪ ಸಾರ್ ಹತ್ತಿರ ಮಾತಾಡಿದೆ. ಅದಕ್ಕೆ ಬರೀತಿದ್ದೀನಿ. ನನ್ನ ಕನ್ನಡ ಸ್ಕೂಲ್ ಕನ್ನಡ, ತಪ್ಪಿದ್ರೆ ಬೈಬೇಡಿ.

ಸನ್ಮಾನದ ದಿನ ನಿಮ್ಮ ಮನೇಲಿ ಏನಾಯ್ತು ಅಂತ ಅವಳು ಒಂದೇ ಸಲ ಹೇಳಿದ್ಲು. ನಿಮ್ಮ ಥರಾನೇ ಗಂಟಲು ಮಾಡಿ ಹೇಳಿದ್ಲು: ‘ಪಕ್ಷ ಬದಲಿಸುವವರಿಗೆ ನನ್ನ ಮನೆಯಲ್ಲಿ ಕುರ್ಚಿಯಿಲ್ಲ.’ ನಾನು ನಕ್ಕೆ. ಅವಳೂ ನಕ್ಲು. ಆಮೇಲೆ ಒಂದು ವಾರ ಊಟ ಸರಿಯಾಗಿ ಮಾಡ್ಲಿಲ್ಲ.

ಜುಲೈ ಕೊನೆಯಿಂದ ಆ ಕಪ್ಪು ಬುಕ್ಕಲ್ಲಿ ಎಡಗಡೆ ಬರೆಯೋಕೆ ಶುರು ಮಾಡಿದ್ಲು. ಮೊದಲಿನ ಪುಟದಿಂದ, ಖಾಲಿ ಇರೋ ಕಡೆಯೆಲ್ಲ. ನಾನು ‘ಇದೇನೇ ಉಲ್ಟಾ ಬರೀತಿದ್ದೀಯ?’ ಅಂದೆ. ‘ಉಲ್ಟಾ ಅಲ್ವೇ, ಇದೇ ಸೀದಾ’ ಅಂದ್ಲು. ಒಂದು ದಿನ ಬಾತ್‌ರೂಮಿಂದ ಕಿರುಚಿಕೊಂಡು ಬಂದ್ಲು, ತಲೇಲಿ ಶಾಂಪೂ. ‘ಇದೆ ಕಣೇ! ಅಂಥ ಕ್ಷಣ ಇದೆ! ನಾನೇ ತಪ್ಪು ಹೇಳಿದ್ದೆ!’ ಅಂತ. ತಾನು ತಪ್ಪು ಅಂತ ಗೊತ್ತಾದಾಗ ಯಾರಾದ್ರೂ ಅಷ್ಟು ಖುಷಿ ಪಡೋದನ್ನ ನಾನು ನೋಡೇ ಇರ್ಲಿಲ್ಲ ಅಂಕಲ್.

ಜ್ವರ ಬಂದಾಗ ಎರಡನೇ ದಿನವೇ ಹೇಳಿದೆ, ಮನೆಗೆ ಫೋನ್ ಮಾಡು ಅಂತ. ಅವಳು ಹೇಳಿದ್ದು ಹೀಗೆ: ‘ಇನ್ನು ನಾಲ್ಕು ಪುಟ ಇದೆ. ಅಪ್ಪನ ಮುಂದೆ ಬರೀ ಕೈಯಲ್ಲಿ ಹೋಗಿ ಪಕ್ಷ ಬದಲಾಯಿಸಿದೆ ಅನ್ನೋಕಾಗಲ್ಲ ಕಣೇ, ಪೂರ್ತಿ ಪ್ರೂಫ್ ತಗೊಂಡು ಹೋಗ್ತೀನಿ. ಕುರ್ಚಿ ಕೊಡ್ತಾರೆ.’ ನಾಲ್ಕನೇ ದಿನ ಅವಳನ್ನ ಕೇಳದೆ ನಾನೇ ಆಂಟಿಗೆ ಫೋನ್ ಮಾಡಿದೆ. ಎರಡನೇ ದಿನವೇ ಮಾಡಬೇಕಿತ್ತು. ಅದು ನನ್ನ ತಪ್ಪು, ಒಪ್ಕೋತೀನಿ.

ಎಡಗಡೆ ಇರೋದು ಆವಲಪ್ಪ ಸಾರ್ ಮಾತಲ್ಲ ಅಂಕಲ್. ಅವಳದ್ದೇ.

ಫಾಯಿಜಾ


ಯಲಹಂಕ ಉಪನಗರ
30 ಜೂನ್ 2024

ಡಾ. ಆವಲಪ್ಪನವರಿಗೆ,

ನಾನು ಕೊಟ್ಟ ಗಡುವು ಇಂದಿಗೆ ಮುಗಿಯುತ್ತದೆ. ಕುಲಪತಿಗಳಿಗೆ ಬರೆಯಬೇಕಿದ್ದ ಪತ್ರದ ಬದಲು ಇದನ್ನು ಬರೆಯುತ್ತಿದ್ದೇನೆ.

ಫಾಯಿಜಾಳ ಪತ್ರ ಬಂದ ಮೇಲೆ ಹನ್ನೊಂದು ದಿನ ನೋಟ್‌ಬುಕ್ಕನ್ನು ಮುಟ್ಟಲಿಲ್ಲ. ಒಬ್ಬ ಹುಡುಗಿಯ ನೆನಪನ್ನು ಪ್ರಮಾಣವೆಂದು ಸ್ವೀಕರಿಸಲಾಗದು ಎಂಬ ಕಾರಣ ಕೊಟ್ಟುಕೊಂಡೆ. ಕಾರಣ ಕೊಡುವುದರಲ್ಲಿ ನನಗೆ ಎಂದೂ ಬಡತನವಿಲ್ಲ. ಹನ್ನೆರಡನೆಯ ದಿನ ಎಡಗಡೆಯ ಮೊದಲ ಪುಟ ತೆಗೆದೆ. ಮೇಲೆ ದಿನಾಂಕ, ಜುಲೈ ಮೂವತ್ತು. ಅದರ ಕೆಳಗೆ ಒಂದೇ ಸಾಲು ಕನ್ನಡ: ‘ಇಂದಿನಿಂದ ನಾನು ಈ ಕಡೆ.’

ಅನಂತರ ಗಣಿತ. ಏಳು ವಾರದಲ್ಲಿ ನನಗೆ ಅರ್ಥವಾದದ್ದು ಇಷ್ಟು. ದೂರದ ಒಂದು ಗಡಿಯವರೆಗೆ ದಾರಿ ತೆರೆದಿರುವ ಕ್ಷಣಗಳೆಲ್ಲ ಸೇರಿ ಎಷ್ಟು ಹೊತ್ತಾಗುತ್ತದೆ ಎಂದು ಅವಳು ಅಳೆಯುತ್ತಾಳೆ. ಅದರ ಸರಾಸರಿ ತೆಗೆಯುತ್ತಾಳೆ. ಅದರ ವರ್ಗದ ಸರಾಸರಿಯನ್ನೂ ತೆಗೆದು ಎರಡನ್ನೂ ಹೋಲಿಸುತ್ತಾಳೆ. ಗಡಿಯನ್ನು ಎಷ್ಟು ದೂರ ತಳ್ಳಿದರೂ ಹೋಲಿಕೆ ಕೈಮೀರುವುದಿಲ್ಲ. ಆದ್ದರಿಂದ ಅಂಥ ಕ್ಷಣ ಇರುವ ಸಂಭವನೀಯತೆ ಸೊನ್ನೆಯಲ್ಲ. ಸೊನ್ನೆಯಲ್ಲದಿದ್ದರೆ, ಈ ಜಾಲದಲ್ಲಿ, ಅದರ ಬೆಲೆ ಒಂದು. ಅಂದರೆ ಖಚಿತ. ತಮ್ಮ ಮೊದಲ ವರ್ಷದ ವಿದ್ಯಾರ್ಥಿ ಒಂದು ಮಧ್ಯಾಹ್ನದಲ್ಲಿ ತಿಳಿದುಕೊಳ್ಳುವುದಕ್ಕೆ ನನಗೆ ಏಳು ವಾರ ಹಿಡಿಯಿತು. ನನ್ನ ಬುದ್ಧಿಯ ಬಗ್ಗೆ ನಾನು ಇಟ್ಟುಕೊಂಡಿದ್ದ ಅಭಿಪ್ರಾಯವನ್ನು ಬಡಾವಣೆಯ ಸಂಘವೇ ಎತ್ತಿ ಹಿಡಿದಿತ್ತು. ಆ ಸಂಘದ ಯೋಗ್ಯತೆ ನನಗೆ ಗೊತ್ತಿರಬೇಕಿತ್ತು.

ನಲವತ್ತೊಂದನೆಯ ಪುಟದ ಎದುರಿಗೆ ಅವಳು ‘ಸ್ಪಷ್ಟವಾಗಿ’ ಎಂಬುದನ್ನು ಬರೆದು, ಅದರ ಸುತ್ತ ಪೆನ್ಸಿಲಿನಲ್ಲಿ ವೃತ್ತ ಎಳೆದು, ‘ಇದು ಅಪ್ಪನ ಪದ’ ಎಂದು ಗುರುತಿಸಿದ್ದಾಳೆ. ನಿಜ. ವಾದ ದುರ್ಬಲವಾಗಿರುವ ಕಡೆ ‘ಸ್ಪಷ್ಟವಾಗಿ’ ಎಂದು ಹೇಳಿ ತೀರ್ಪುಗಾರರ ಕಣ್ಣನ್ನೇ ನೋಡಬೇಕು. ಅವಳಿಗೆ ಹದಿಮೂರು ವರ್ಷವಿದ್ದಾಗ, ಇದೇ ಮೇಜಿನ ಮುಂದೆ, ಕಲಿಸಿದೆ. ಆ ಬಿರುಕು ತಮ್ಮ ವಿಭಾಗದ್ದಲ್ಲ, ನಮ್ಮ ಮನೆಯದು.

ನನ್ನ ಹೆಂಡತಿ ಪುಟ್ಟಲಕ್ಷ್ಮಿ ಪ್ರತಿ ಗುರುವಾರ ಬಸ್ಸಿನಲ್ಲಿ ಮತ್ತಿಕೆರೆಗೆ ಹೋಗಿ ಚಟ್ನಿಪುಡಿ ಕೊಟ್ಟು ಬರುತ್ತಿದ್ದಳು. ಅವಳನ್ನು ಕೇಳಿದೆ.

‘ಶುಭಾ ಪಕ್ಷ ಬದಲಿಸಿದ್ದು ನಿನಗೆ ಗೊತ್ತಿತ್ತೇ?’

‘ಗೊತ್ತಿತ್ತು.’

‘ನನಗೇಕೆ ಹೇಳಲಿಲ್ಲ?’

‘ನಿಮಗಾ? ನಿಮ್ಮ ಹತ್ರ ಮಾತಾಡೋಕೆ ನೀವೇ ಗಂಟೆ ಹೊಡೆದು ಮೂರು ನಿಮಿಷ ಟೈಮ್ ಕೊಡ್ಬೇಕಲ್ಲ. ಮೂವತ್ತು ವರ್ಷದಿಂದ ಈ ಮನೇಲಿ ನಾನೂ ಎಡಗಡೆ ಪುಟಾನೇ ಕಣ್ರೀ. ನೀವು ಯಾವತ್ತು ತಿರುವಿ ನೋಡಿದ್ದೀರಿ?’

ಪಲ್ಯಕ್ಕೆ ಹುರುಳಿಕಾಯಿ ಮುರಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

ಎಡಗಡೆಯ ಬರವಣಿಗೆ ಎಂಬತ್ತೆರಡನೆಯ ಪುಟದ ಎದುರಿಗೆ ನಿಲ್ಲುತ್ತದೆ. ಸೆಪ್ಟೆಂಬರ್ ಆರು. ಉಳಿದ ನಾಲ್ಕು ಖಾಲಿ. ಕುರ್ಚಿಯ ಬಗ್ಗೆ ಫಾಯಿಜಾ ಬರೆದದ್ದು ನಿಜ. ಪದಗಳೂ ಅವೇ. ಈ ವಿಷಯದಲ್ಲಿ ನನ್ನಲ್ಲಿ ಪ್ರತಿವಾದವಿಲ್ಲ. ಹೇಳಿದ ಮೇಲೆ ಅವಳು ಉತ್ತರಕ್ಕೆ ಬಾಯಿ ತೆರೆದಳು. ನಾನು ಕೈಗಡಿಯಾರ ನೋಡಿಕೊಂಡೆ.

ನೋಟ್‌ಬುಕ್ಕನ್ನು ಇಡಿಯಾಗಿ ಕಳಿಸುತ್ತಿದ್ದೇನೆ. ಆ ನಾಲ್ಕು ಪುಟಗಳನ್ನು ತುಂಬಲು ತಮಗೆ ಸಾಧ್ಯವೇ? ಸಾಧ್ಯವಾದರೆ ತಮ್ಮ ಹೆಸರು ಮೊದಲು ಬರಲಿ, ಹತ್ತನೆಯದಾಗಿ ಬರಲಿ, ನನ್ನ ಆಕ್ಷೇಪಣೆಯಿಲ್ಲ. ಜೆರಾಕ್ಸ್ ಇಟ್ಟುಕೊಂಡಿಲ್ಲ. ಅಂಚೆಯವರ ಕೈಗೆ ಕೊಡಲು ಮನಸ್ಸು ಬಾರದೆ ಪುಟ್ಟಲಕ್ಷ್ಮಿಯೇ ತರುತ್ತಿದ್ದಾಳೆ. ಅವಳಿಗೆ ಕಾಫಿ ಕೊಡಿ, ಸಕ್ಕರೆ ಬೇಡ.

ಗಡುವನ್ನು ಹಿಂತೆಗೆದುಕೊಂಡ,
ಶೇಷಗಿರಿ


ಚಿಕ್ಕಜಾಲ
19 ಆಗಸ್ಟ್ 2024

ಶೇಷಗಿರಿ ಸಾರ್,

ನಾಲ್ಕು ಪುಟ ಬೇಕಾಗಲಿಲ್ಲ. ಎರಡೂವರೆ ಸಾಕಾಯಿತು. ಏನು ಬರೆಯಬೇಕು ಎಂಬುದನ್ನೆಲ್ಲ ಎಂಬತ್ತೆರಡನೆಯ ಪುಟದ ಎದುರು, ಅಂಚಿನಲ್ಲಿ, ಬಾಣ ಹಾಕಿ ಗುರುತು ಮಾಡಿಟ್ಟಿದ್ದಳು. ನಾನು ಮಾಡಿದ್ದು ಬಾಣ ಹಿಡಿದು ನಡೆದದ್ದು ಮಾತ್ರ. ಇಬ್ಬರು ಸಹೋದ್ಯೋಗಿಗಳ ಕೈಯಲ್ಲಿ ಬೇರೆಬೇರೆಯಾಗಿ ಓದಿಸಿದೆ. ಇಬ್ಬರೂ ತಪ್ಪು ಹುಡುಕಿದರು, ಸಿಗಲಿಲ್ಲ. ಒಬ್ಬರು ‘ಈಕೆ ಈಗ ಎಲ್ಲಿದ್ದಾರೆ?’ ಎಂದು ಕೇಳಿದರು.

ಮೊನ್ನೆ ಪತ್ರಿಕೆಗೆ ಕಳಿಸಿದ್ದೇನೆ. ಪರಿಶೀಲನೆಗೆ ಒಂದು ವರ್ಷವಾದರೂ ಹಿಡಿಯುತ್ತದೆ, ಅವಸರ ಮಾಡಬೇಡಿ. ಹೆಸರು ಒಂದೇ, ಶುಭಾ. ಬಾಣ ಹಿಡಿದು ನಡೆದವನ ಹೆಸರನ್ನು ಹಾಕುವ ಸಂಪ್ರದಾಯ ಗಣಿತದಲ್ಲೂ ಇಲ್ಲ. ಈ ಸಲ ಹೊಡೆದುಹಾಕಿದ್ದನ್ನು ವಾಪಸ್ ಬರೆಯುವವರು ಇರಲಿಲ್ಲ.

ಆ ಕಲ್ಲು ಏನಾಯಿತು?

ಆವಲಪ್ಪ


ಯಲಹಂಕ ಉಪನಗರ
17 ಸೆಪ್ಟೆಂಬರ್ 2024

ಆವಲಪ್ಪನವರೇ,

ಭಾನುವಾರ ಓದುವ ಮಂಟಪ ತೆರೆದ ಕಾರ್ಯಕ್ರಮಕ್ಕೆ ತಾವು ಬರಲಿಲ್ಲ. ತಾಯಿಯವರಿಗೆ ಮೈ ಸರಿಯಿಲ್ಲವೆಂದು ಪುಟ್ಟಲಕ್ಷ್ಮಿ ಹೇಳಿದಳು. ತಮ್ಮ ಪ್ರಶ್ನೆಗೆ ಉತ್ತರ ಬಾಕಿಯಿತ್ತು. ಬರೆಯುತ್ತೇನೆ.

ಕೆತ್ತಿದ ಸಾಲನ್ನು ಉಜ್ಜಿ ತೆಗೆಯಬಹುದೇ ಎಂದು ಮುನೇಶನನ್ನು ಕೇಳಿದೆ. ಕಲ್ಲಿನ ಸುತ್ತ ಒಂದು ಸುತ್ತು ಬಂದು, ಬೀಡಿ ಕಿವಿಗೆ ಸಿಕ್ಕಿಸಿಕೊಂಡು, ‘ಉಜ್ಜುದ್ರೆ ಅಳ್ಳ ಬೀಳ್ತದೆ ಸಾ. ಇಂದ್ಗಡೆ ಪಾಲಿಶ್ ಮಾಡಿ ಒಸಾದಾಗಿ ಬರ್ದುಬುಡವ. ಅಳೇದು ಗೋಡೆ ಕಡೀಕ್ ಓಯ್ತದೆ, ಯಾರ್ ನೋಡ್ತಾರೆ?’ ಎಂದ. ಹಾಗೆಯೇ ಮಾಡಿಸಿದೆ. ಆದರೆ ಗೋಡೆಗೆ ಒರಗಿಸಲಿಲ್ಲ. ಮಂಟಪದ ಮುಂದೆ, ಸುತ್ತಲೂ ಓಡಾಡಲು ಜಾಗ ಬಿಟ್ಟು, ನಡುವೆ ನಿಲ್ಲಿಸಿದೆ. ಒಂದು ಮುಖದಲ್ಲಿ ‘ಅಂಥ ಕ್ಷಣ ಎಂದಿಗೂ ಇಲ್ಲ’, ಮೇ 2023. ಇನ್ನೊಂದು ಮುಖದಲ್ಲಿ ‘ಅಂಥ ಕ್ಷಣ ಇದೆ’, ಸೆಪ್ಟೆಂಬರ್ 2023. ಎರಡರ ಕೆಳಗೂ ಒಂದೇ ಹೆಸರು.

ಸಂಘದ ಕಾರ್ಯದರ್ಶಿ ನಿರಂಜನ್ ಎಂಬ ಮಹಾಶಯರು ತಡೆಯಲು ನೋಡಿದರು. ಮೂರು ಅಪಾರ್ಟ್‌ಮೆಂಟು ಕಟ್ಟಿಸಿ ಮಾರಿದವರು, ಕಲ್ಲಿನ ವಿಷಯದಲ್ಲಿ ತಮಗೆ ಅಧಿಕಾರವಿದೆ ಎಂದು ನಂಬಿದ್ದಾರೆ.

‘ಸಾರ್, ಜನ ಕನ್‌ಫ್ಯೂಸ್ ಆಗ್ತಾರೆ. ತಪ್ಪಿದ್ದನ್ನ ಯಾರಾದ್ರೂ ಕಲ್ಲಲ್ಲಿ ಇಟ್ಕೋತಾರಾ?’

‘ತಪ್ಪಿದ್ದನ್ನು ಫ್ಲೆಕ್ಸಿನಲ್ಲಿ ಹಾಕಿಸಿ ಸರ್ಕಲ್ಲಿನಲ್ಲಿ ಕಟ್ಟುವುದು ತಮ್ಮ ಪದ್ಧತಿ. ನಮ್ಮದು ಕಲ್ಲು’ ಎಂದೆ.

ಅವರಿಗೆ ಅದು ಬೈಗುಳವೆಂದು ತಿಳಿಯಲು ಸ್ವಲ್ಪ ಹೊತ್ತಾಯಿತು.

ಕಾರ್ಯಕ್ರಮದಲ್ಲಿ ನಾನೇ ಮಾತಾಡಬೇಕಿತ್ತು. ಅದೇ ಇನ್ನೂರು ಜನ, ಅದೇ ಮೈಕು. ಹನ್ನೆರಡು ನಿಮಿಷದ ಭಾಷಣ ಬರೆದುಕೊಂಡು ಹೋಗಿದ್ದೆ, ಬಲಗಡೆಯ ಪುಟಗಳಲ್ಲಿ. ಓದಲಿಲ್ಲ. ಕಳೆದ ವರ್ಷ ನನ್ನ ಮಗಳು ಇಲ್ಲಿ ಮೂರು ಪದ ಹೇಳಿದ್ದಳು, ಆಕೆ ಹೇಳಿದ್ದು ಸರಿ, ನಾನು ಹೇಳಿದ್ದು ತಪ್ಪು ಎಂದೆ. ಅಷ್ಟೇ. ಅರ್ಧ ನಿಮಿಷವಾಗಿರಬಹುದು. ಗಡಿಯಾರ ನೋಡಲಿಲ್ಲ. ಯಾರೂ ಚಪ್ಪಾಳೆ ತಟ್ಟಲಿಲ್ಲ. ನಮ್ಮ ಬಡಾವಣೆಯವರಿಗೆ ಯಾವಾಗ ತಟ್ಟಬೇಕೆಂದು ಯಾರಾದರೂ ಮೊದಲು ತೋರಿಸಿಕೊಡಬೇಕು.

ಹಿಂದಿನ ಸಾಲಿನಲ್ಲಿದ್ದ ಫಾಯಿಜಾ ಆಮೇಲೆ ಬಂದು ಮಾತಾಡಿಸಿದಳು. ಎರಡನೆಯ ದಿನವೇ ಫೋನು ಮಾಡದಿದ್ದುದು ನಿನ್ನ ತಪ್ಪಲ್ಲ ಎಂದು ಅವಳಿಗೆ ಹೇಳಿದೆ. ಬರಹದಲ್ಲಿ ಕೊಡಲೇ ಎಂದೂ ಕೇಳಿದೆ. ‘ಬೇಡ ಅಂಕಲ್, ಬಾಯಲ್ಲಿ ಹೇಳಿದ್ರೆ ಸಾಕು’ ಎಂದಳು.

ತಮ್ಮ ತಾಯಿಯವರ ತೊಟ್ಟಿಯ ಬಗ್ಗೆ ನಾನು ಬರೆದ ಮಾತುಗಳನ್ನು ಅವರಿಗೆ ಓದಿ ಹೇಳಿಲ್ಲವೆಂದು ನಂಬಿದ್ದೇನೆ. ಹೇಳಿದ್ದರೆ, ಅವರು ನನಗೆ ಏನು ಉತ್ತರ ಕೊಟ್ಟರೆಂಬುದನ್ನು ಹಾಗೆಯೇ ಬರೆದು ಕಳಿಸಿ. ತಿದ್ದಬೇಡಿ.

ವೇದಿಕೆಯ ಮೇಲೆ ನನಗಾಗಿ ಒಂದು ಕುರ್ಚಿ ಹಾಕಿದ್ದರು. ಕಾರ್ಯಕ್ರಮ ಮುಗಿಯುವವರೆಗೆ ನಿಂತೇ ಇದ್ದೆ. ‘ಮಂಡಿನೋವಿರುವವರು, ಕೂತ್ಕೊಳ್ಳಿ ಸಾರ್’ ಎಂದು ನಿರಂಜನ್ ಎರಡು ಬಾರಿ ಬಂದು ಹೇಳಿದರು. ಅವರಿಗೆ ಕಾರಣ ವಿವರಿಸಲಿಲ್ಲ. ಪಕ್ಷ ಬದಲಿಸಿದವರಿಗೆ ಕುರ್ಚಿಯಿಲ್ಲವೆಂಬ ನಿಯಮ ನಾನು ಮಾಡಿದ್ದು.

ಶೇಷಗಿರಿ